ಕೆರೆಯೆಂದು ಮಾಡಿದ ಬುಟ್ಟಿ

ನೆನೆದ ಮೆಂತ್ಯದ ವಾಸನೆಯನ್ನು ಹೊಗಳಿದವರನ್ನು ನಾನು ಇದುವರೆಗೂ ಕಂಡಿಲ್ಲ. ಕಹಿ, ಒಗರು, ಜೊತೆಗೆ ಒದ್ದೆ ಗೋಣಿಚೀಲದ್ದೊಂದು ಎಳೆ. ನೀವೂ ಮೂಗು ಮುಚ್ಚಿಕೊಳ್ಳುವ ಪೈಕಿಯೇ ಇರಬಹುದು, ನನ್ನ ಆಕ್ಷೇಪಣೆ ಏನೂ ಇಲ್ಲ. ಆದರೆ ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟಾಗ ಆ ವಾಸನೆ ಬಂದರೆ ನಾನು ಕಾಫಿಯನ್ನೂ ಮರೆತು ನಿಂತುಬಿಡುತ್ತೇನೆ. ನಮ್ಮ ಮನೆಯಲ್ಲಿ ಅದು ದಿನವೂ ಬರುತ್ತದೆ, ಯಾಕೆಂದರೆ ನನ್ನ ತಂಗಿ ವಿಜಿಗೆ ಸಕ್ಕರೆ ಕಾಯಿಲೆ. ಮಲಗುವ ಮುಂಚೆ ಲೋಟದಲ್ಲಿ ಮೆಂತ್ಯ ನೆನೆಹಾಕುತ್ತಾಳೆ, ಬೆಳಿಗ್ಗೆ ಮುಖ ಕಿವುಚಿಕೊಂಡು ಕುಡಿಯುತ್ತಾಳೆ, ಕುಡಿದ ಧೈರ್ಯದ ಮೇಲೆ ಮಧ್ಯಾಹ್ನ ಎರಡು ಹೋಳಿಗೆ ತಿನ್ನುತ್ತಾಳೆ. ಹೇಳಲು ಹೋದರೆ ನನ್ನ ಮೇಲೇ ರೇಗುತ್ತಾಳೆ.

ಹೊರಮಾವಿನ ಈ ಅಪಾರ್ಟ್‌ಮೆಂಟಿನಲ್ಲಿ ನಾವಿಬ್ಬರೇ ಇರುವುದು. ಈಗೊಂದು ವಾರದಿಂದ ವಿಜಿಯ ಮಗಳು ಸಿಂಧೂ ಬಂದಿದ್ದಾಳೆ. ಏಳು ತಿಂಗಳ ಬಸುರಿ. ಹೋದ ವರ್ಷ ಒಂದು ನಿಲ್ಲಲಿಲ್ಲ. ಕೊತ್ತಂಬರಿ ಸೊಪ್ಪನ್ನೂ ಫೋನಿನಲ್ಲೇ ತರಿಸುವ ಹುಡುಗಿ, ಮಗುವಿಗೆಂದು ಇನ್ನೂ ಒಂದು ಕುಲಾವಿ ಕೂಡ ತರಿಸಿಲ್ಲ. ಇವತ್ತು ಬೆಳಿಗ್ಗೆ ಅವಳಿಗೆ ಹಾಲು ಕೊಡುತ್ತಾ, "ಪುಟ್ಟ ಬಟ್ಟೆ ಗಿಟ್ಟೆ ಏನಾದ್ರೂ ನೋಡೋಣ್ವೇನೆ?" ಎಂದೆ. "ಆಮೇಲೆ ನೋಡೋಣ ದೊಡ್ಡಮ್ಮ" ಎಂದಳು. ಹಾಗೆಂದವಳು ಲೋಟ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿ ನಿಂತಳು. ಕಿಟಕಿಯಲ್ಲಿ ನೋಡುವಂಥದ್ದು ಏನೂ ಇಲ್ಲ, ಎದುರಿನ ಅಪಾರ್ಟ್‌ಮೆಂಟಿನ ಕಿಟಕಿ ಅಷ್ಟೇ.

ಆ "ಆಮೇಲೆ" ನನಗೆ ಚೆನ್ನಾಗಿ ಪರಿಚಯ. ಮೆಂತ್ಯದ ವಾಸನೆಯೂ ಆ ಮಾತೂ ಒಂದೇ ಬೆಳಿಗ್ಗೆ ಜೊತೆಗೂಡಿ ಬಂದಮೇಲೆ ನಾನು ಇಲ್ಲಿ ಹೇಗೆ ಇರಲಿ? ಒಲೆಯ ಮೇಲೆ ಹಾಲು ಇಟ್ಟಿದ್ದಂತೆಯೇ ನನ್ನ ಬಾಲ್ಯದ ಜೋಗುಪಾಳ್ಯಕ್ಕೆ ಹೋಗಿಬಿಟ್ಟೆ. ಹಾಲು ಉಕ್ಕಿತು. ಅದಕ್ಕೂ ವಿಜಿಯಿಂದ ಬೈಸಿಕೊಂಡೆ.

ಅರವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಜೋಗುಪಾಳ್ಯದಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಒಂದು ಸಾಲು ಮನೆ, ಎಲ್ಲಕ್ಕೂ ಸೇರಿ ಒಂದು ನಲ್ಲಿ, ಬಟ್ಟೆ ಒಗೆಯಲು ಒಂದು ಕಲ್ಲು. ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ. ನಮ್ಮ ಕನ್ನಡ, ಪಕ್ಕದ ಮನೆಯ ರಾಜಮ್ಮಾಳ್ ಅವರ ತಮಿಳು, ಬೀದಿಯ ತುದಿಯ ಸೈಕಲ್ ಅಂಗಡಿಯವರ ಉರ್ದು, ಮೂರೂ ನಲ್ಲಿಯ ಹತ್ತಿರ ಸೇರಿ ಜಗಳವಾಡುತ್ತಿದ್ದವು. ನಾನು ಮೂರರಲ್ಲೂ ಬೈಯಲು ಕಲಿತಿದ್ದೆ, ಹೊಗಳಲು ಮಾತ್ರ ಒಂದರಲ್ಲೂ ಬರುತ್ತಿರಲಿಲ್ಲ. ಅಪ್ಪ ಹಳೇ ಮದ್ರಾಸು ರಸ್ತೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಭಾನುವಾರ ಸಾಯಂಕಾಲ ನನ್ನನ್ನೂ ನನ್ನ ತಮ್ಮ ಸೀನನನ್ನೂ ಹಲಸೂರು ಕೆರೆಗೆ ನಡೆಸಿಕೊಂಡು ಹೋಗುತ್ತಿದ್ದರು. ಸೀನನಿಗೆ ಆಗ ಐದು ವರ್ಷ, ನನಗೆ ಒಂಬತ್ತು. ಕೆರೆಯ ಮಧ್ಯದ ದ್ವೀಪಗಳೆಂದರೆ ಅವನಿಗೆ ಪ್ರಾಣ. ಅಲ್ಲಿ ಯಾರಿರುತ್ತಾರೆ ಎಂದು ಪ್ರತಿ ವಾರವೂ ಕೇಳುತ್ತಿದ್ದ, ಅಪ್ಪ ಪ್ರತಿ ವಾರವೂ ಬೇರೆ ಬೇರೆ ಹೆಸರು ಹೇಳುತ್ತಿದ್ದರು.

ಆ ವರ್ಷದ ಮಳೆಗಾಲಕ್ಕೆ ಅಮ್ಮ ಮಂಚ ಹಿಡಿದಳು. ಸೀನ ಹುಟ್ಟಿದ ಮೇಲೆ ಎರಡು ಸಲ ಅವಳಿಗೆ ಮಗು ದಕ್ಕಿರಲಿಲ್ಲ. ಈ ಸಲ ಲೇಡಿ ಡಾಕ್ಟರು, "ಮಗು ಬೇಕು ಅಂದ್ರೆ ಮಂಚದಿಂದ ಇಳೀಬೇಡಿ" ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. ಅಪ್ಪ ಎಲ್ಲಿಂದಲೋ ಇಟ್ಟಿಗೆ ತಂದು ಮಂಚದ ಕಾಲ್ದೆಸೆಯನ್ನು ಎತ್ತರಿಸಿದರು. ಅಮ್ಮನ ಕಾಲು ಮೇಲೆ, ತಲೆ ಕೆಳಗೆ. ಸುಮ್ಮನೆ ಮಲಗಲಾರದ ಜೀವ ಅದು. ಬಾಗಿಲಿಗೆ ಮಣಿಯ ತೋರಣ ಪೋಣಿಸುತ್ತೇನೆಂದು ಹಟ ಹಿಡಿದಳು. ಇಳಿಜಾರಿನ ಮಂಚದ ಮೇಲೆ ಮಣಿ ನಿಲ್ಲುತ್ತವೆಯೇ? ಕೈತಪ್ಪಿದ್ದೆಲ್ಲ ಉರುಳಿಕೊಂಡು ಹೋಗಿ ಅವಳ ಕೂದಲೊಳಗೆ ಸೇರಿಕೊಳ್ಳುತ್ತಿದ್ದವು. ಸಾಯಂಕಾಲ ತಲೆ ಬಾಚುವುದು ನನ್ನ ಕೆಲಸ. ಬೇರೆಯವರ ತಲೆಯಲ್ಲಿ ಹೇನು ಸಿಕ್ಕರೆ ನಮ್ಮಮ್ಮನ ತಲೆಯಲ್ಲಿ ನೀಲಿ, ಕೆಂಪು, ಹಳದಿ ಮಣಿ ಸಿಗುತ್ತಿದ್ದವು. ನಾನು ಅವನ್ನು ಹೆಕ್ಕಿ ಮತ್ತೆ ಡಬ್ಬಿಗೆ ಹಾಕುತ್ತಿದ್ದೆ.

ಮನೆ ನೋಡಿಕೊಳ್ಳಲು ಅಪ್ಪನ ಅಮ್ಮ, ನಮ್ಮಜ್ಜಿ, ಊರಿನಿಂದ ಬಂದಳು. ಊರು ಎಂದರೆ ಇದೇ ಹೊರಮಾವು. ನಗಬೇಡಿ, ಆಗ ಇದು ನಿಜವಾಗಿಯೂ ಊರೇ. ರಾಗಿ ಹೊಲ, ದ್ರಾಕ್ಷಿ ಚಪ್ಪರ. ಅಜ್ಜಿ ಎತ್ತಿನ ಗಾಡಿಯಲ್ಲಿ ದೊಡ್ಡ ರಸ್ತೆಯವರೆಗೆ ಬಂದು, ಅಲ್ಲಿಂದ ಬಸ್ಸು ಹತ್ತಿ, ಒಂದು ಮೂಟೆ ರಾಗಿಹಿಟ್ಟಿನ ಜೊತೆ ಹಲಸೂರಿನಲ್ಲಿ ಇಳಿದಿದ್ದಳು. ರಜೆಯಲ್ಲಿ ನಾವು ಅವಳ ಮನೆಗೆ ಹೋಗುತ್ತಿದ್ದೆವು. ಅಲ್ಲಿ ಅಟ್ಟದ ಕೆಳಗೆ ಒಂದು ಮರದ ತೊಟ್ಟಿಲು ತೂಗುಹಾಕಿತ್ತು, ತುಂಬ ಚೆಂದದ ಕೆತ್ತನೆಯದು, ಅದರ ತುಂಬಾ ಈರುಳ್ಳಿ. ಹಳ್ಳಿಗಳಲ್ಲಿ ಈರುಳ್ಳಿ ಇಡುವುದೇ ತೊಟ್ಟಿಲಿನಲ್ಲಿ ಎಂದು ನಾನು ಬಹಳ ವರ್ಷ ನಂಬಿದ್ದೆ. ಒಂದು ಸಲ ಶಾಲೆಯಲ್ಲಿ ಹಾಗೆ ಹೇಳಿ ನಗೆಪಾಟಲಿಗೆ ಗುರಿಯಾದದ್ದೂ ಉಂಟು.

ಅಜ್ಜಿ ಬಂದ ದಿನವೇ ಮನೆಯಲ್ಲಿ ಒಂದು ಕಾನೂನು ಜಾರಿಯಾಯಿತು. ಸೀನ ಅಮ್ಮನ ಪಕ್ಕ ಕೂತು, "ಪಾಪುಗೆ ಏನ್ ಹೆಸ್ರು ಇಡೋಣ?" ಎಂದು ಕೇಳಿದ. ಅಡುಗೆಮನೆಯಲ್ಲಿದ್ದ ಅಜ್ಜಿ ಹೇಗೆ ಬಂದಳೋ ಗೊತ್ತಿಲ್ಲ, ಹಿಟ್ಟಿನ ಕೈಯಲ್ಲೇ ಅವನ ಬಾಯಿ ಮುಚ್ಚಿದಳು. "ಆ ಮಾತು ಆಡ್ಬ್ಯಾಡ ಮಗ. ಆಮ್ಯಾಕೆ. ಎಲ್ಲಾ ಆಮ್ಯಾಕೆ." ಮಗು ಕೈಗೆ ಬರುವ ತನಕ ಅದಕ್ಕೆಂದು ಏನನ್ನೂ ಮಾಡಿಡಬಾರದು. ಬಟ್ಟೆ ಹೊಲಿಯಬಾರದು, ತೊಟ್ಟಿಲು ತರಬಾರದು, ಹೆಸರು ಯೋಚಿಸಬಾರದು. ಮಾತಾಡಿದರೆ ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳುತ್ತಾರೆ. ಅವರು ಯಾರು ಎಂದು ಅಜ್ಜಿ ಹೇಳಲಿಲ್ಲ, ಆದರೆ ಹೇಳುವಾಗ ಬಾಗಿಲ ಕಡೆ ಒಮ್ಮೆ ನೋಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಮಗು ಎಂಬ ಮಾತೇ ಇರಲಿಲ್ಲ. ಅಮ್ಮನಿಗೆ ಮೈಯಲ್ಲಿ ಹುಷಾರಿಲ್ಲ, ಅಷ್ಟೇ. ಮಂಚದ ಮೇಲೆ ಹೊಟ್ಟೆ ಮಾತ್ರ ದಿನೇ ದಿನೇ ದೊಡ್ಡದಾಗುತ್ತಿತ್ತು, ನಾವೆಲ್ಲ ಅದನ್ನು ಬಿಟ್ಟು ಬೇರೆಲ್ಲಾ ಕಡೆ ನೋಡುತ್ತಿದ್ದೆವು.

ಒಂದು ಮಧ್ಯಾಹ್ನ ಅಮ್ಮ ತಾರಸಿ ನೋಡುತ್ತಲೇ ಕೇಳಿದಳು. "ಅತ್ತೆ, ನಿಮ್ಮೂರಲ್ಲಿ ಕಾಗದ ಕುಟ್ಟಿ ಬುಟ್ಟಿ ಮಾಡ್ತಾರಲ್ಲ, ನಿಮಗೆ ಬರುತ್ತಾ?"

"ಬರ್ದೆ ಏನು? ಮೊರಕ್ಕೆ ಬಳಿಯಾದು ಅದೇ ತಾನೆ. ಯಾಕವ್ವ?"

"ಬೊಂಬೆ ಹಬ್ಬಕ್ಕೆ ಒಂದು ಕೆರೆ ಬೇಕಿತ್ತು."

ಅಮ್ಮ ಮೈಸೂರಿನವಳು. ದಸರಾ ಬಂತೆಂದರೆ ಮೆಟ್ಟಿಲು ಕಟ್ಟಿ ಬೊಂಬೆ ಕೂರಿಸಲೇಬೇಕು, ಅವಳ ತವರಿನ ಪಟ್ಟದ ಬೊಂಬೆಗಳು, ಮರದ ರಾಜ ಮತ್ತು ರಾಣಿ, ಮೇಲಿನ ಮೆಟ್ಟಿಲಲ್ಲಿ ಕೂರಲೇಬೇಕು. ಅಜ್ಜಿಗೆ ಇದೆಲ್ಲ ಹೊಸದು. ಅವಳ ಊರಿನಲ್ಲಿ ಆ ಹಬ್ಬವೆಂದರೆ ನೇಗಿಲು, ಕುಡುಗೋಲು ತೊಳೆದು ಪೂಜೆ ಮಾಡುವುದು. ಬೊಂಬೆಗಳ ವಿಷಯದಲ್ಲಿ ಅಮ್ಮ ಏನು ಹೇಳಿದರೂ ಅದು ಮೈಸೂರಿನ ಶಾಸ್ತ್ರವೇ ಇರಬೇಕು ಎಂದು ಅವಳು ಒಪ್ಪಿಕೊಳ್ಳಬೇಕಾಗಿತ್ತು.

"ಬೊಂಬೆಗೆ ಕೆರೇನಾ?"

"ಹೌದು ಅತ್ತೆ. ಮೆಟ್ಟಿಲ ಮುಂದೆ ಪಾರ್ಕು ಮಾಡಿ ಕೆರೆ ಇಡ್ಬೇಕು. ಮೈಸೂರಲ್ಲಿ ಎಲ್ಲರೂ ಇಡ್ತಾರೆ."

"ಏಟು ದೊಡ್ಡದು?"

ಅಮ್ಮ ಬಲಗೈ ಎತ್ತಿ ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದಳು. "ಒಂದು ಮೊಳಕ್ಕಿಂತ ಚೂರು ಜಾಸ್ತಿ ಇರ್ಲಿ."

ಅಜ್ಜಿ ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು. "ಕೆರೆ ಅಂದ್ಮ್ಯಾಕೆ ಆಳ್ವಾಗೂ ಇರ್ಬೇಕು" ಎಂದು ಹೇಳಿ, ಮೆಂತ್ಯದ ಡಬ್ಬಿ ಹುಡುಕಲು ಒಳಗೆ ಹೋದಳು.

ಕಾಗದ ತರುವುದು ನನ್ನ ಪಾಲಿಗೆ ಬಂತು. ಸಾಲಿನ ಮನೆಗಳಿಗೆಲ್ಲ ಹೋಗಿ ಹಳೇ ಪೇಪರು ಬೇಡಿ ತಂದೆ. ಕನ್ನಡ, ತಮಿಳು, ಇಂಗ್ಲಿಷು, ಸೈಕಲ್ ಅಂಗಡಿಯಿಂದ ಉರ್ದು. ಅಜ್ಜಿ ಒಂದೊಂದು ಹಾಳೆಯನ್ನೂ ಕಣ್ಣಿಗೊತ್ತಿಕೊಂಡು, "ತಪ್ಪಾಯ್ತು ಕಣವ್ವ ಸರಸ್ವತಿ" ಎಂದು ಹೇಳಿದ ಮೇಲೆಯೇ ನಮಗೆ ಹರಿಯಲು ಕೊಡುತ್ತಿದ್ದಳು. ದೇವರ ಚಿತ್ರವಿದ್ದ ಹಾಳೆಗಳನ್ನು ಬೇರೆ ತೆಗೆದಿಟ್ಟಳು. ಉರ್ದು ಪೇಪರಿನಲ್ಲಿ ಯಾವುದು ದೇವರ ಮಾತೋ ಯಾವುದು ಸಿನಿಮಾ ಜಾಹೀರಾತೋ ಗೊತ್ತಾಗದೆ, ಅದಕ್ಕೆ ಎರಡೆರಡು ಸಲ ಕಣ್ಣಿಗೊತ್ತಿಕೊಂಡಳು. ಹರಿದ ಚೂರುಗಳನ್ನೆಲ್ಲ ಬಕೆಟ್ಟಿನಲ್ಲಿ ನೆನೆಹಾಕಿದೆವು. ನಾನು ದಿನವೂ ಶಾಲೆಯಿಂದ ಬಂದವಳೇ ಬಕೆಟ್ಟಿನಲ್ಲಿ ಇಣುಕುತ್ತಿದ್ದೆ. ಮೊದಮೊದಲು ಅಕ್ಷರ ಕಾಣುತ್ತಿದ್ದವು, ನೀರೊಳಗೆ ಮಂತ್ರಿಗಳ ಭಾಷಣ ಓದಬಹುದಾಗಿತ್ತು. ಆಮೇಲೆ ಅಂಚು ಕರಗಿತು. ಅಜ್ಜಿ ಅದನ್ನೆಲ್ಲ ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿ, ಅಂಟಿಗೆಂದು ಮೆಂತ್ಯ ರುಬ್ಬಿ ಸೇರಿಸಿ ನಾದಿದ ಮೇಲೆ ಬರೀ ಒಂದು ಬೂದುಬಣ್ಣದ ಹಿಟ್ಟು ಉಳಿಯಿತು. ಅಷ್ಟೊಂದು ಮಾತು, ಅಷ್ಟೊಂದು ಭಾಷೆ, ಎಲ್ಲಿ ಹೋಯಿತು? ಆ ಹಿಟ್ಟಿನಲ್ಲಿ ಕೈ ಹಾಕಿ ನಿಂತಾಗ ನನಗೆ ಮೈ ಜುಮ್ಮೆಂದಿತ್ತು. ಈಗಲೂ ಬೆಳಿಗ್ಗೆ ಪೇಪರು ಓದಿ ಮಡಚುವಾಗ, ಇದು ನೆನೆದರೆ ಹಿಟ್ಟಾಗುತ್ತದೆ ಎಂಬ ಯೋಚನೆ ಬರುತ್ತದೆ. ಆಗ ಎಂಥ ಸುದ್ದಿಯಾದರೂ ಅಷ್ಟು ಹೆದರಿಸುವುದಿಲ್ಲ.

ಬಟ್ಟೆ ನೆನೆಹಾಕುವ ತಗಡಿನ ಟಬ್ಬನ್ನು ಬೋರಲು ಹಾಕಿ, ಅದರ ಮೇಲೆ ಹಳೇ ಪಂಚೆಯ ತುಂಡು ಹೊದಿಸಿ, ಹಿಟ್ಟನ್ನು ರೊಟ್ಟಿ ತಟ್ಟಿದಂತೆ ತಟ್ಟುತ್ತಾ ಬಂದೆವು. ಅಮ್ಮ ಒಳಗಿನ ಮಂಚದಿಂದಲೇ ಬಾಗಿಲ ಮೂಲಕ ನೋಡುತ್ತಾ, "ಅಂಚು ದಪ್ಪ ಆಗ್ಲಿ, ಚೂಪು ಬೇಡ, ಚುಚ್ಚಬಾರದು" ಎನ್ನುತ್ತಿದ್ದಳು. ಕೆರೆಯ ಅಂಚು ಯಾರಿಗೆ ಚುಚ್ಚುತ್ತದೆ ಎಂದು ಅಜ್ಜಿ ಕೇಳಲಿಲ್ಲ. ಸೀನ ತನ್ನ ಅಂಗೈಯನ್ನು ತಳದ ಮೇಲೆ ಒತ್ತಿ ಗುರುತು ಮೂಡಿಸಿದ. ಅಳಿಸಲು ಹೋದರೆ ಕಿರುಚಿದ, ಹಾಗೇ ಬಿಟ್ಟೆವು.

ಕೆಲಸಕ್ಕೆ ಕೈ ಹಾಕಿದ ಕೂಡಲೇ ಮಳೆ ಹಿಡಿಯಿತು. ಬೆಂಗಳೂರಿನ ಭಾದ್ರಪದದ ಬಿಸಿಲನ್ನು ನಂಬಿದವರು ಕೆಟ್ಟರು. ಒಂದು ಚೂರು ಬಿಸಿಲು ಕಂಡರೆ ಟಬ್ಬನ್ನು ಹೊರಗೆ ಹೊತ್ತುಕೊಂಡು ಓಡುವುದು, ಹನಿ ಬಿದ್ದರೆ ಒಳಗೆ ಓಡುವುದು. ನಾವಿಲ್ಲದಾಗ ರಾಜಮ್ಮಾಳ್ ಓಡುತ್ತಿದ್ದರು, "ಬೊಂಬೆ ಕೆರೆಗೆ ಮಳೆ ಬಂದ್ರೆ ಒಳ್ಳೇದೇ ಅಲ್ವಾ?" ಎಂದು ನಗುತ್ತಾ. ಕೊನೆಗೆ ಬಚ್ಚಲಮನೆಯ ಹಂಡೆಯ ಒಲೆಯ ಪಕ್ಕ ಇಟ್ಟು ಒಣಗಿಸಿದೆವು. ಅದಕ್ಕೆ ಮೆಂತ್ಯದ ಜೊತೆ ಹೊಗೆಯ ವಾಸನೆಯೂ ಸೇರಿತು. ಟಬ್ಬಿನಿಂದ ಬಿಡಿಸಿ ಎತ್ತಿದಾಗ ಅಜ್ಜಿ ಬೆರಳಿನಿಂದ ಕುಟ್ಟಿದಳು. ಟಣ್ ಎಂದಿತು. ಕಾಗದ ಹಾಗೆ ಸದ್ದು ಮಾಡಬಲ್ಲದೆಂದು ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ.

ಒಳಗೆಲ್ಲ ಬಿಳಿ ಕಾಗದ ಅಂಟಿಸಿ, ಬಟ್ಟೆಗೆ ಹಾಕುವ ನೀಲಿಯನ್ನು ಗಂಜಿಯಲ್ಲಿ ಕಲಸಿ ಬಳಿದೆವು. ಸೀನ ದೋಣಿಗಳನ್ನು ಮಡಚಿದ. ಆಮೇಲೆ ಉಳಿದ ಹಿಟ್ಟಿನಿಂದ ಒಂದು ಗುಡ್ಡೆ ಮಾಡಿಕೊಂಡು ಬಂದು, "ದ್ವೀಪ" ಎಂದ.

"ದ್ವೀಪ ಬೇಡ ಕಣೋ" ಎಂದಳು ಅಮ್ಮ.

"ಹಲಸೂರು ಕೆರೇಲಿ ಇದೆ!"

"ನಮ್ಮ ಕೆರೇಲಿ ಬೇಡ. ಮಧ್ಯದಲ್ಲಿ ಜಾಗ ಖಾಲಿ ಇರ್ಬೇಕು."

"ಯಾಕೆ?"

"ನೀರಿಗೆ."

ಆ ಉತ್ತರ ಅವನಿಗೆ ಸಮಾಧಾನ ಕೊಡಲಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಮಧ್ಯಾಹ್ನ ಅಜ್ಜಿ ನಲ್ಲಿಗೆ ಹೋಗಿದ್ದಳು. ಅಮ್ಮ ನನ್ನಿಂದ ಬುಟ್ಟಿ ತರಿಸಿಕೊಂಡು ತನ್ನ ಪಕ್ಕದಲ್ಲಿ ಇಟ್ಟುಕೊಂಡು, ಅದರೊಳಗೆ ತನ್ನ ಮುಂಗೈಯನ್ನು ಮಲಗಿಸಿದಳು. ಬೆರಳುಗಳನ್ನು ಮೆಲ್ಲಗೆ ಮಡಚಿ, ಇನ್ನೊಂದು ಕೈಯಿಂದ ಆ ಕೈಯನ್ನು ತಟ್ಟಿದಳು. ಅಷ್ಟೇ. ನಾನು ನೋಡುತ್ತಿದ್ದೆ. ಸೀನ ಬಾಗಿಲಲ್ಲಿದ್ದ. "ಪಾಪು ಕೆರೇಲಿ ಮಲಗುತ್ತಾ ಅಮ್ಮ?" ಎಂದ. ಅಮ್ಮ ತುಟಿಯ ಮೇಲೆ ಬೆರಳಿಟ್ಟಳು. "ಯಾರಿಗೂ ಹೇಳ್ಬೇಡ ಕಂದ." ಐದು ವರ್ಷದ ಮಗುವಿನ ಹೊಟ್ಟೆಯಲ್ಲಿ ಅಂಥ ಗುಟ್ಟು ಹಿಡಿಸುತ್ತದೆಯೇ? ಪಾಪ, ಅವನು ಬಹಳ ಕಷ್ಟಪಟ್ಟ. ಆ ದಿನಗಳಲ್ಲಿ ಊಟದ ಹೊತ್ತು ಬಿಟ್ಟರೆ ಬಾಯಿಯನ್ನೇ ತೆರೆಯುತ್ತಿರಲಿಲ್ಲ.

ನವರಾತ್ರಿ ಬಂತು. ಟ್ರಂಕು, ಹಲಗೆ, ಡಬ್ಬಗಳನ್ನು ಜೋಡಿಸಿ ಮುಂದಿನ ಕೋಣೆಯಲ್ಲಿ ಅಪ್ಪ ಮೆಟ್ಟಿಲು ಕಟ್ಟಿದರು, ಮೇಲೆ ಬಿಳಿ ಪಂಚೆ. ಅಮ್ಮನಿಗೆ ಕಾಣುವಂತೆ ನಡುವಿನ ಬಾಗಿಲು ತೆರೆದೇ ಇತ್ತು. ರಾಜ, ರಾಣಿ, ಮಣ್ಣಿನ ತರಕಾರಿಯವಳು, ತಲೆ ಅಲ್ಲಾಡಿಸುವ ಚೆಟ್ಟಿಯಾರು. ಕೆಳಗೆ ರಾಗಿ ಪೈರಿನ ಪಾರ್ಕು, ಅದರ ನಡುವೆ ನಮ್ಮ ನೀಲಿ ಕೆರೆ, ದೋಣಿಗಳ ಸಮೇತ. ಮೆಟ್ಟಿಲಿಗಿಂತ ಕೆರೆಯೇ ದೊಡ್ಡದಾಗಿ ಕಾಣುತ್ತಿತ್ತು. ಬಂದವರೆಲ್ಲ ಅದನ್ನೇ ಹೊಗಳಿದರು. ಅಜ್ಜಿ ಕಡಲೆಕಾಳು ಉಸಲಿಯನ್ನು ಮಕ್ಕಳ ಕೈಗೆ ಹಾಕುತ್ತಾ, "ಮೈಸೂರಾಗೆ ಕೆರೆ ಇಡ್ಲೇಬೇಕಂತೆ" ಎಂದು ಎಲ್ಲರಿಗೂ ತಿಳಿಸಿ ಹೇಳಿದಳು.

ಒಂದು ಸಾಯಂಕಾಲ ರಾಜಮ್ಮಾಳ್ ಇನ್ನಿಬ್ಬರು ಹೆಂಗಸರ ಜೊತೆ ಕುಂಕುಮಕ್ಕೆ ಬಂದರು. ಕೆರೆಯ ಅಂಚು ಸವರಿ ನೋಡಿ, "ಎಷ್ಟು ಗಟ್ಟಿ ಬಂದಿದೆ! ಹಬ್ಬ ಆದ್ಮೇಲೆ ನನಗೆ ಕೊಡ್ತೀಯಾ ಕಣ್ಣು? ತರ್ಕಾರಿ ಹಾಕ್ಕೋತೀನಿ" ಎಂದು ಸೀನನ ಗಲ್ಲ ಹಿಡಿದರು. ತಮಾಷೆಗೆ ಕೇಳಿದ್ದು. ಆದರೆ ಸೀನನಿಗೆ ಕೆರೆ ಕೈತಪ್ಪಿಯೇ ಹೋಯಿತು ಎನ್ನಿಸಿರಬೇಕು. ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ. "ಕೊಡಲ್ಲ! ಇದು ಕೆರೆ ಅಲ್ಲ. ನಮ್ಮ ಪಾಪುದು. ಪಾಪು ಹುಟ್ಟಿ ಇದ್ರಲ್ಲೇ ಮಲಗುತ್ತೆ."

ರಾಜಮ್ಮಾಳ್ ಕೆನ್ನೆಗೆ ಕೈ ಹಚ್ಚಿಕೊಂಡು, "ಅಪ್ಪಡಿ ಸೊಲ್ಲಾದೆಡಾ ಕಣ್ಣು, ಹಂಗೆ ಹೇಳ್ಬಾರ್ದಪ್ಪ" ಎಂದು ಪಿಸುಗುಟ್ಟಿದರು. ಅಜ್ಜಿಯ ಕೈಯಲ್ಲಿದ್ದ ಉಸಲಿಯ ಸೌಟು ಹಾಗೇ ನಿಂತಿತ್ತು. ಆಮೇಲೆ ಅವಳು, "ತಗಳಿ, ತಗಳಿ" ಎಂದು ಎಲ್ಲರ ಕೈಗೂ ಮತ್ತೆ ಮತ್ತೆ ಹಾಕಿದಳು.

ಮಾರನೆಯ ಬೆಳಿಗ್ಗೆ ಅಮ್ಮನಿಗೆ ನೋವು ಬಂತು. ಇನ್ನೂ ಎಂಟು ತಿಂಗಳು ತುಂಬಿರಲಿಲ್ಲ. ಅಪ್ಪ ಹಲಸೂರು ಬಜಾರಿಗೆ ಓಡಿ ಆಟೋ ತಂದರು. ಸೈಕಲ್ ಅಂಗಡಿಯವರೂ ಅಪ್ಪನೂ ಸೇರಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿಯೇ ಎತ್ತಿಕೊಂಡು ಹೋದರು. ರಾಜಮ್ಮಾಳ್ ಸೆರಗು ಸುತ್ತಿಕೊಂಡು ಹೊರಟವರು ಸೋಮೇಶ್ವರನ ಗುಡಿಗೆ ಹೋಗಿ, ಅಲ್ಲಿಂದ ಶಿವಾಜಿನಗರದ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ, ದಾರಿಯ ದರ್ಗಾಕ್ಕೂ ಕೈಮುಗಿದು ಬಂದರಂತೆ. ಯಾವುದನ್ನೂ ಬಿಡುವ ದಿನ ಅದಾಗಿರಲಿಲ್ಲ.

ಸೀನ ಕಾಣಲಿಲ್ಲ. ಹುಡುಕಿದರೆ ಅಮ್ಮನ ಖಾಲಿ ಮಂಚದ ಕೆಳಗೆ, ಇಟ್ಟಿಗೆಗಳ ಪಕ್ಕ ಮುದುಡಿಕೊಂಡು ಕೂತಿದ್ದ. ಕೂಗಿದೆ, ಬೆಲ್ಲ ತೋರಿಸಿದೆ, ಬರಲಿಲ್ಲ. "ನಾನ್ ಹೇಳ್ಬಿಟ್ಟೆ ಅಕ್ಕ. ಅದಕ್ಕೇ. ಪಾಪು ಬರಲ್ಲ" ಎಂದ. ಅಳುತ್ತಿರಲಿಲ್ಲ. ಐದು ವರ್ಷದ ಮಗು ಅಳದೆ ಹಾಗೆ ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅವನು ಹೇಳಿದ್ದು ನಿಜವೇ ಇರಬೇಕು ಎಂದು ನಾನೂ ನಂಬಿದ್ದೆ.

ಅಜ್ಜಿ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಅವಳ ಮುಖ ನೋಡಿ ನನಗೆ ಭಯವಾಯಿತು, ಅವನಿಗೆ ಏಟು ಬೀಳುತ್ತದೆ ಎಂದುಕೊಂಡೆ. ಅವಳು ತಿರುಗಿ ಬೊಂಬೆಗಳ ಹತ್ತಿರ ಹೋದಳು. ದೋಣಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು. ಕೆರೆಯನ್ನು ಎತ್ತಿಕೊಂಡು ಬಂದು ಕೋಣೆಯ ನಡುವೆ ಇಟ್ಟು ಅದರ ಮುಂದೆ ಕೂತಳು. ತನ್ನ ಗಂಟಿನಿಂದ ಒಂದು ಹಳೇ ಸೀರೆ ತೆಗೆದಳು, ಒಗೆದು ಒಗೆದು ಬೆಣ್ಣೆಯಂತಾಗಿದ್ದ ಹತ್ತಿ ಸೀರೆ. ಹಲ್ಲಿನಿಂದ ಅಂಚು ಕಚ್ಚಿ ಪರ್ರೆಂದು ಹರಿದಳು.

"ಸೀನ, ಬಾ ಇಲ್ಲಿ. ಈ ಚುಂಗು ಹಿಡ್ಕ."

ಮಂಚದ ಕೆಳಗಿನಿಂದ ಒಂದು ತಲೆ ಹೊರಗೆ ಬಂತು.

"ಹುಟ್ಟೋಕ್ ಮುಂಚೆ ಮಾಡ್ಬಾರ್ದು ಅಂದಿದ್ದೆ ನೀನು" ಎಂದ.

"ಅಂದಿದ್ದೆ. ಈಗ ನಾನೇ ಮಾಡ್ತಿವ್ನಿ." ಅಜ್ಜಿ ಮುಂಬಾಗಿಲ ಕಡೆ ತಿರುಗಿದಳು. ಯಾರೋ ಹೊಸ್ತಿಲ ಮೇಲೆ ನಿಂತಿದ್ದಾರೆ ಎಂಬಂತೆ ದನಿ ಎತ್ತಿದಳು. "ಕೇಳಿಸ್ಕಳ್ಳೋರೆಲ್ಲ ಕೇಳಿಸ್ಕಳ್ಳಿ. ಇದು ಕೆರೆ ಅಲ್ಲ, ನನ್ನ ಮೊಮ್ಮಗೀನ ಹಾಸ್ಗೆ. ಕಾಗ್ದ ಕುಟ್ಟಿದ್ದು ನಾನು, ಬುಟ್ಟಿ ತಟ್ಟಿದ್ದು ನಾನು, ಈಗ ಬಟ್ಟೆ ಹಾಸ್ತಿರಾದೂ ನಾನು. ಮೊದ್ಲ ದಿನದಿಂದ ಗೊತ್ತಿದ್ದೇ ಮಾಡಿವ್ನಿ. ಈ ಮಗ ಬರೀ ಒಂದು ಮಾತಾಡ್ದ, ಅಷ್ಟೇಯ. ಬರಾದು ಏನಾರ ಇದ್ರೆ ನನ್ನ ತಲೆ ಮ್ಯಾಲೆ ಬರ್ಲಿ."

ಮಾತು ಗಟ್ಟಿಯಾಗಿತ್ತು. ಹಾಗೆಂದು ಅವಳಿಗೆ ಆ ಕಾನೂನಿನ ಮೇಲೆ ನಂಬಿಕೆ ಹೋಗಿತ್ತು ಎಂದು ನೀವು ತಿಳಿಯಬೇಡಿ. ಅವಳು ಅದನ್ನು ಪೂರ್ತಿಯಾಗಿ ನಂಬಿದ್ದಳು. ನಂಬಿಕೊಂಡೇ ಮುರಿದಳು, ಒಂದು ಮಗು ಮಂಚದ ಕೆಳಗಿನಿಂದ ಹೊರಗೆ ಬರಲೆಂದು. ನಾನು ಎಷ್ಟೋ ಧೈರ್ಯವಂತರನ್ನು ನೋಡಿದ್ದೇನೆ, ಕೇಳಿದ್ದೇನೆ. ಆ ಬೆಳಿಗ್ಗೆ ಜೋಗುಪಾಳ್ಯದ ಕೋಣೆಯಲ್ಲಿ ಸೀರೆ ಹರಿಯುತ್ತಾ ಕೂತಿದ್ದ ಮುದುಕಿಗಿಂತ ದೊಡ್ಡ ಧೈರ್ಯವನ್ನು ನಾನು ಕಂಡಿಲ್ಲ.

ಸೀನ ಬಂದು ಚುಂಗು ಹಿಡಿದ. "ನಿನ್ನ ಮೇಲೆ ಬಂದ್ರೆ ಏನ್ ಮಾಡ್ತೀಯ ಅಜ್ಜಿ?" ಎಂದು ಕೇಳಿದ.

"ಮುದ್ಕಿಗೆ ಏನ್ ಮಾಡೀತು?" ಎಂದು ಬಟ್ಟೆ ಮಡಚುತ್ತಾ ಇದ್ದವಳು, ನನ್ನ ಕಡೆ ನೋಡದೆ ಹೇಳಿದಳು. "ನಮ್ಮನೇಲಿ ಅಟ್ಟದ ಕೆಳಗೆ ತೊಟ್ಲು ಐತಲ್ಲ, ಈರುಳ್ಳಿ ಹಾಕಿರಾದು. ನನ್ನ ಮೊದಲ್ನೇ ಮಗೀಗೆ ಅಂತ ನಿಮ್ಮ ತಾತ ಮುಂಚೇನೇ ಮಾಡ್ಸಿದ್ರು. ಅದು ಬರ್ನಿಲ್ಲ. ತೊಟ್ಲು ಬರಿದಾಗಿ ತೂಗ್ತಿತ್ತು, ನೋಡಕಾಯ್ತಿರ್ನಿಲ್ಲ. ಅದಕ್ಕೇ ಈರುಳ್ಳಿ ತುಂಬ್ದೆ."

ಅಷ್ಟು ವರ್ಷ ನಾನು ಆ ತೊಟ್ಟಿಲಿನ ಈರುಳ್ಳಿಯನ್ನು ಉರುಳಿಸಿ ಆಡಿದ್ದೆ. ಶಾಲೆಯಲ್ಲಿ ಹೇಳಿ ನಗಿಸಿದ್ದೆ. ಸೀರೆಯ ಇನ್ನೊಂದು ಚುಂಗನ್ನು ನಾನು ಹಿಡಿದುಕೊಂಡೆ. ಮೂವರೂ ಸೇರಿ ಪದರ ಪದರವಾಗಿ ಹಾಸಿದೆವು.

ಮಧ್ಯಾಹ್ನ ಅಪ್ಪ ಬಂದರು. ಹೊಸ್ತಿಲಲ್ಲೇ ಕುಸಿದು ಕೂತರು. ಅಜ್ಜಿ ನೀರಿನ ಚೊಂಬು ಮುಂದಿಟ್ಟಳು. ಅಪ್ಪನೇ ಹೇಳಿದರು. "ಹೆಣ್ಣು. ಬೆಕ್ಕಿನ ಮರಿ ಥರ ಇದೆ. ಆದ್ರೆ ಅಮ್ಮ, ಕೂಸು ಅತ್ತಿತು, ಜೋರಾಗಿ ಅತ್ತಿತು." ಹೇಳಿ ಅವರೂ ಅತ್ತರು. ಅಪ್ಪ ಅಳುವುದನ್ನು ನಾವು ನೋಡಿದ್ದು ಅದೇ ಮೊದಲು.

ಇನ್ನೂ ಕೆಲವು ವಾರ ಏನನ್ನೂ ಹೇಳುವಂತಿರಲಿಲ್ಲ. ಆಸ್ಪತ್ರೆಯಿಂದ ಅಪ್ಪ ತರುವ ಸುದ್ದಿಯಲ್ಲೇ ಮನೆ ಉಸಿರಾಡುತ್ತಿತ್ತು. ದಸರಾ ಕಳೆದು, ಬೊಂಬೆಗಳು ಟ್ರಂಕು ಸೇರಿ, ದೀಪಾವಳಿ ಹತ್ತಿರ ಬಂದಾಗ ಅಮ್ಮ ಮಗುವನ್ನು ಎತ್ತಿಕೊಂಡು ಬಂದಳು. ವಿಜಯದಶಮಿಯ ಹಿಂದುಮುಂದಿನ ಕೂಸು ಎಂದು ವಿಜಯ ಎಂಬ ಹೆಸರು ತಾನಾಗಿಯೇ ಬಂದಿತ್ತು. ಅಮ್ಮ ಅವಳನ್ನು ಬುಟ್ಟಿಯಲ್ಲಿ ಮಲಗಿಸಿದಳು. ಒಂದು ಮೊಳಕ್ಕೂ ಕಮ್ಮಿ, ಸುತ್ತಲೂ ಬೇಕಾದಷ್ಟು ಜಾಗ ಉಳಿಯಿತು. ಉಗುರುಗಳು ಅಕ್ಕಿನುಚ್ಚಿನಷ್ಟು. ಅಷ್ಟು ಚಿಕ್ಕ ಉಗುರನ್ನೂ ಯಾರೋ ಕೂತು ಮಾಡಿದ್ದಾರೆ ಎಂದು ನನಗೆ ಅನ್ನಿಸಿತು. ನಾವು ಒಂದು ಬುಟ್ಟಿಗೆ ಅಷ್ಟು ಒದ್ದಾಡಿದ್ದೆವು. ನಾವೆಲ್ಲ ಸುತ್ತ ಕೂತು ನೋಡುತ್ತಿದ್ದೆವು. ಸೀರೆಯ ಪದರದ ಆಚೆ ನೀಲಿ ಬಣ್ಣ ಇನ್ನೂ ಕಾಣುತ್ತಿತ್ತು. ಸೀನ ಬಗ್ಗಿ, ಬಹಳ ಹೊತ್ತು ನೋಡಿ, ಅಮ್ಮನ ಕಿವಿಯಲ್ಲಿ ಹೇಳಿದ. "ದ್ವೀಪ ಬಂತು."

ಅಜ್ಜಿ ಅದಾದ ಮೇಲೂ ತುಂಬ ವರ್ಷ ಇದ್ದಳು. ಅವಳ ತಲೆಯ ಮೇಲೆ ಬಂದದ್ದು ವಿಜಿ ಒಬ್ಬಳೇ. ಹೆಗಲು ಹತ್ತಿ ಕೂತು ಕೂದಲು ಹಿಡಿದು ಎಳೆಯುತ್ತಿದ್ದಳು. ಬುಟ್ಟಿ ಬಹುಬೇಗ ಅವಳಿಗೆ ಸಾಲದಾಯಿತು. ಆಮೇಲೆ ಅದರಲ್ಲಿ ಬಟ್ಟೆ, ಆಟದ ಸಾಮಾನು, ಕೊನೆಗೆ ಈರುಳ್ಳಿ. ಈರುಳ್ಳಿ ಹಾಕಿದ ದಿನ ಅಜ್ಜಿ ನಕ್ಕದ್ದು ನನಗೆ ನೆನಪಿದೆ. ತಳದಲ್ಲಿ ಸೀನನ ಅಂಗೈ ಗುರುತು ಕೊನೆಯವರೆಗೂ ಇತ್ತು. ಒಂದು ದಿನ ಬುಟ್ಟಿಯೂ ಪುಡಿಯಾಯಿತು.

ಇವತ್ತು ಒಲೆ ಒರೆಸುತ್ತಾ ಒರೆಸುತ್ತಾ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಈ ಕಥೆಯನ್ನು ಎಲ್ಲರಿಗೂ ಹೇಳಿದ ನಾನು, ಯಾವ ಬಸುರಿಯ ಮಗುವಿಗೂ ಹೆರಿಗೆಗೆ ಮುಂಚೆ ಒಂದು ಟೋಪಿ ಹೆಣೆದವಳಲ್ಲ. ಅಜ್ಜಿಯ ಹೆದರಿಕೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಅವಳ ಧೈರ್ಯ ಅಲ್ಲೇ ಇತ್ತು, ಎತ್ತಿಕೊಂಡಿರಲಿಲ್ಲ. ವಿಜಿಯ ಲೋಟದ ಮೆಂತ್ಯವನ್ನೆಲ್ಲ ಮಿಕ್ಸಿಗೆ ಸುರಿದೆ. ಡಬ್ಬಿಯಲ್ಲಿದ್ದದ್ದನ್ನೂ ನೆನೆಹಾಕಿದೆ. ಹಳೇ ಪೇಪರಿನ ಕಟ್ಟು ಬಿಚ್ಚಿಕೊಂಡು ಕೂತೆ.

"ಅಕ್ಕಾ! ನನ್ನ ಮೆಂತ್ಯ ಎಲ್ಲಿ?" ವಿಜಿ ಕೂಗಿದಳು. ಆ ಗಂಟಲು! ಬೆಕ್ಕಿನ ಮರಿಯಂತಿದ್ದವಳದು! ಕಟ್ಟಡವೇ ಅದುರುವಂತೆ ಕೂಗುತ್ತಿದ್ದ ನನ್ನ ತಂಗಿಯನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವಳಿಗೆ ಅರ್ಥವಾಗಲಿಲ್ಲ, ಇನ್ನಷ್ಟು ಬೈದು ಒಳಗೆ ಹೋದಳು.

ಸದ್ದಿಗೆ ಸಿಂಧೂ ಕೋಣೆಯಿಂದ ಬಂದಳು. "ಏನ್ ದೊಡ್ಡಮ್ಮ ಇದು, ಇಷ್ಟೊಂದು ಪೇಪರ್?"

"ಬುಟ್ಟಿ ಮಾಡ್ತಿದ್ದೀನಿ."

"ಯಾವುದಕ್ಕೆ?"

ಕೆರೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ನಿನ್ನ ಮಗೂಗೆ ಕಣೆ. ಮಾಡ್ತಿರೋದು ನಾನು, ನೀನಲ್ಲ. ಏನಿದ್ರೂ ನನ್ನ ತಲೆ ಮೇಲೆ" ಎಂದೆ. ಬಾಗಿಲ ಕಡೆ ನೋಡುತ್ತಾ, ಸ್ವಲ್ಪ ಜೋರಾಗಿಯೇ ಎಂದೆ.

ಸಿಂಧೂಳ ಕಣ್ಣು ತುಂಬಿಕೊಂಡಿತ್ತು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತು, ಒಂದು ಹಾಳೆ ತೆಗೆದು, ಮೆಲ್ಲಗೆ ಹರಿಯತೊಡಗಿದಳು. ಎರಡು ಮೂರು ಹಾಳೆ ಹರಿದಾದ ಮೇಲೆ ಕೇಳಿದಳು.

"ಎಷ್ಟು ದೊಡ್ಡದು ಮಾಡ್ತೀರ ದೊಡ್ಡಮ್ಮ?"

ನಾನು ಬಲಗೈ ಎತ್ತಿ, ಮೊಣಕೈಯಿಂದ ಬೆರಳ ತುದಿಯವರೆಗೆ ಅವಳಿಗೆ ತೋರಿಸಿದೆ.

"ಒಂದು ಮೊಳಕ್ಕಿಂತ ಚೂರು ಜಾಸ್ತಿ."